ಬಯಲು ಅಳೆದು ಕಿಟ್ ಆರಿಸಿ: ಉತ್ತರ ಕನ್ನಡದಲ್ಲಿ ಹೈ-ಪವರ್ ರಾಕೆಟ್

ರಾಕೆಟ್ ಕಿಟ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ಎತ್ತರವನ್ನು. ನಮ್ಮ ಜಿಲ್ಲೆಯ ಮಟ್ಟಿಗೆ ಅದನ್ನು ಕೊನೆಗೆ ನೋಡಿದರೂ ಸಾಕು. ರಾಕೆಟ್ ಏರುವುದಕ್ಕೆ ಒಂದು ಚಾಪೆ ಹಾಸುವಷ್ಟು ಜಾಗ ಸಾಲುತ್ತದೆ, ಇಳಿಯುವುದಕ್ಕೆ ಸಾಲದು. ಕರಾವಳಿಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಗುಡ್ಡ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಅಡಿಕೆ ತೋಟ, ಅದರ ಬೆನ್ನಿಗೇ ಸೊಪ್ಪಿನ ಬೆಟ್ಟ. ಆದ್ದರಿಂದ ಮೊದಲು ಬಯಲು ಹುಡುಕಿ, ಅದರ ಅಗಲ ಅಳೆದು, ಆ ಅಗಲಕ್ಕೆ ಒಪ್ಪುವ ಕಿಟ್ ಕೊಳ್ಳಿ.

ಇಲ್ಲಿ ಹೇಳುತ್ತಿರುವುದು ಒಂದರಿಂದ ಎರಡು ಕಿಲೋ ತೂಗುವ, ಒಂದು ಮೀಟರ್‌ಗಿಂತ ತುಸು ಉದ್ದದ, ಎಚ್ ವರ್ಗದ ಮೋಟಾರಿನಲ್ಲಿ ಹಾರುವ ರಾಕೆಟ್ ಬಗ್ಗೆ. ಮೋಟಾರಿನ ಅಕ್ಷರ ಅದರ ಒಟ್ಟು ತಳ್ಳುಬಲವನ್ನು ಸೂಚಿಸುತ್ತದೆ. ಜಿ ವರ್ಗ 160 ನ್ಯೂಟನ್-ಸೆಕೆಂಡ್‌ವರೆಗೆ, ಎಚ್ 320ರವರೆಗೆ, ಐ 640ರವರೆಗೆ. ಅಕ್ಷರ ಒಂದು ಮುಂದೆ ಹೋದರೆ ಮಿತಿ ಎರಡು ಪಟ್ಟು. 160 ದಾಟಿದರೆ, ಇಲ್ಲವೇ ಸರಾಸರಿ ಒತ್ತು 80 ನ್ಯೂಟನ್ ಮೀರಿದರೆ, ಅದನ್ನು ಹೈ-ಪವರ್ ಎನ್ನುತ್ತಾರೆ. ಕಿಟ್ ಮೇಲೆ ಕಾಣುವ ‘ಲೆವೆಲ್ 1’ ಅಮೆರಿಕದ ಎನ್‌ಎಆರ್, ಟ್ರಿಪೋಲಿ ಸಂಘಗಳ ದೃಢೀಕರಣದ ಹಂತ. ಅಲ್ಲಿ ಎಚ್ ಮತ್ತು ಐ ಮೋಟಾರ್ ಬಳಸಲು ಅದು ಬೇಕು. ನಮ್ಮಲ್ಲಿ ಆ ಹಾಳೆ ಅನುಮತಿಯಾಗುವುದಿಲ್ಲ, ಆದರೆ ಆ ಸಂಘಗಳ ಸುರಕ್ಷಾ ನಿಯಮಗಳು ಎಲ್ಲಿಗಾದರೂ ಒಪ್ಪುವಂಥವು.

ಕಾನೂನು, ಜಾಗ

ಕಿಟ್ ಎಂದರೆ ಕೊಳವೆ, ಮೂಗು, ರೆಕ್ಕೆ, ಪ್ಯಾರಾಚೂಟ್. ಇದಕ್ಕೆ ತೊಡಕಿಲ್ಲ. ತೊಡಕಿರುವುದು ಮೋಟಾರಿಗೆ. 1884ರ ಸ್ಫೋಟಕ ಕಾಯ್ದೆಯ ವ್ಯಾಖ್ಯೆಯೊಳಗೆ ರಾಕೆಟ್‌ಗಳೂ ಬರುತ್ತವೆ. ಮೋಟಾರ್ ತರಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು ಎಲ್ಲವೂ 2008ರ ಸ್ಫೋಟಕ ನಿಯಮಗಳ ಅಡಿಯ ಪರವಾನಗಿ ವ್ಯವಹಾರ. ಅದನ್ನು ನೋಡಿಕೊಳ್ಳುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಕೊರಿಯರ್‌ನಲ್ಲಿ, ವಿಮಾನದ ಚೀಲದಲ್ಲಿ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ತರುವ ವಸ್ತುವಲ್ಲ ಇದು. ಒಬ್ಬೊಬ್ಬರೇ ಓಡಾಡಿ ಸುಸ್ತಾಗುವ ಬದಲು ಎಂಜಿನಿಯರಿಂಗ್ ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಅಧ್ಯಾಪಕರೊಬ್ಬರ ಹೊಣೆಯಲ್ಲಿ ಅರ್ಜಿ ಹಾಕುವುದು ಒಳ್ಳೆಯದು. ಮೋಟಾರಿನ ದಾರಿ ಖಚಿತವಾಗುವ ಮೊದಲು ಕಿಟ್‌ಗೆ ದುಡ್ಡು ಹಾಕಬೇಡಿ. ಪಟಾಕಿಯ ಮದ್ದು ತುಂಬಿ ಮನೆಯಲ್ಲೇ ಮೋಟಾರ್ ಮಾಡುವ ಯೋಚನೆ ಇದ್ದರೆ ಅಲ್ಲಿಗೇ ಬಿಡಿ: ಮದ್ದಿನಲ್ಲಿ ಸಣ್ಣ ಬಿರುಕಿದ್ದರೂ ಉರಿಯುವ ಮೇಲ್ಮೈ ಹೆಚ್ಚಿ, ಒತ್ತಡ ಏರಿ, ಕೊಳವೆ ಚೂರಾಗಿ ಸಿಡಿಯುತ್ತದೆ.

ಕಾರವಾರದ ಸುತ್ತ ಹಾರಿಸುವ ಮಾತೇ ಬೇಡ. ದಕ್ಷಿಣಕ್ಕೆ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ. ರವೀಂದ್ರನಾಥ ಟಾಗೋರ್ ಕಡಲತೀರ ಎಷ್ಟೇ ಖಾಲಿ ಕಂಡರೂ ಅದು ಉದ್ದಕ್ಕೆ ಬಯಲು, ಅಡ್ಡಕ್ಕೆ ಅಲ್ಲ. ಸುರಕ್ಷಾ ನಿಯಮದ ಪ್ರಕಾರ ಬಯಲಿನ ಅತಿ ಕಿರಿದಾದ ಅಳತೆ 1,500 ಅಡಿ, ಅಂದರೆ ಸುಮಾರು 457 ಮೀಟರ್, ಅಥವಾ ರಾಕೆಟ್ ಏರುವ ಎತ್ತರದ ಅರ್ಧ; ಎರಡರಲ್ಲಿ ಯಾವುದು ಹೆಚ್ಚೋ ಅದು. ಯಾವ ಕಡಲತೀರಕ್ಕೂ ಈ ಅಗಲವಿಲ್ಲ. ಉಪಗ್ರಹ ನಕ್ಷೆಯಲ್ಲಿ ಕುಮಟಾದ ಗಜನಿಗಳು, ಅಂದರೆ ಹಿನ್ನೀರಿನ ಗದ್ದೆಗಳು, ಬೋಳು ಬಯಲಿನಂತೆ ಕಾಣುತ್ತವೆ. ಕಗ್ಗ ಭತ್ತ ಕೊಯ್ದ ಮೇಲೆ ಅಲ್ಲಿ ಉಪ್ಪುನೀರು, ಸಿಗಡಿ. ಚಿರೆಕಲ್ಲಿನ ಬೋಳುಗುಡ್ಡ ಪರವಾಗಿಲ್ಲ, ಆದರೆ ಇಳಿದ ರಾಕೆಟ್ಟಿನ ರೆಕ್ಕೆ ಮುರಿಯುತ್ತದೆ.

ಜಿಲ್ಲೆಯಲ್ಲಿ ಈ ಗಾತ್ರಕ್ಕೆ ಒಪ್ಪುವುದು ಮೂಡಣದ ಅಂಚು. ಮುಂಡಗೋಡ, ಹಳಿಯಾಳದ ಕಡೆ ಭತ್ತ ಕೊಯ್ದು ಮುಗಿದ ಗದ್ದೆ ಬಯಲು, ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಗಾಳಿ ಬೀಸಿ ಹೋಗುವ ಕಡೆ ಕಬ್ಬಿನ ಗದ್ದೆ ಇರುವಲ್ಲಿ ನಿಲ್ಲಬೇಡಿ: ಒಳಗೆ ಬಿದ್ದ ರಾಕೆಟ್ ಸಿಗುವುದಿಲ್ಲ, ಬೆಂಕಿ ಬಿದ್ದರೆ ಆರುವುದಿಲ್ಲ. ಗದ್ದೆಯ ಯಜಮಾನರ ಒಪ್ಪಿಗೆ, ಪೊಲೀಸ್ ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ಲಿಖಿತ ಅರ್ಜಿ, ವಾಯುಪ್ರದೇಶದ ಅನುಮತಿ, ಇವಿಷ್ಟೂ ಕೈಯಲ್ಲಿರಬೇಕು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಕಂಡಿತು ಎಂದು ಹೊರಡಬೇಡಿ, ಆ ಬಣ್ಣ ಡ್ರೋನಿಗೆ ಮಾತ್ರ. ಅನುಮತಿ ಸಿಗದಿದ್ದರೆ ಕಟ್ಟಿದ ರಾಕೆಟ್ ಅನ್ನು ಅನುಮತಿ ಇರುವ ತಂಡದ ಜೊತೆ ಬೇರೆ ಊರಿಗೆ ಒಯ್ಯಿರಿ.

ಯಾವ ಕಿಟ್

ಮೊದಲ ಸಲಕ್ಕೆ ನಾಲ್ಕು ಇಂಚು ವ್ಯಾಸದ ರಟ್ಟಿನ ಕೊಳವೆಯ, ಮೂರು ಅಥವಾ ನಾಲ್ಕು ಪ್ಲೈವುಡ್ ರೆಕ್ಕೆಯ, 38 ಮಿಲಿಮೀಟರ್ ಮೋಟಾರ್ ಕೊಳವೆ ಇರುವ ಕಿಟ್ ಆರಿಸಿ. 29 ಮಿಲಿಮೀಟರ್ ಮೋಟಾರ್ ಹಾಕಲು ಅಡಾಪ್ಟರ್ ಸಿಗುತ್ತದೆ. ದಪ್ಪ ರಾಕೆಟ್ ಯಾಕೆ? ಒಂದೇ ಮೋಟಾರಿನಲ್ಲಿ ದಪ್ಪ, ತೆಳು ಎರಡನ್ನೂ ಲೆಕ್ಕ ಹಾಕಿ ನೋಡಿ.

ಮೋಟಾರ್ ಮೇಲೆ ‘ಎಚ್128-7’ ಎಂದಿದ್ದರೆ ಎಚ್ ವರ್ಗ, ಸರಾಸರಿ ಒತ್ತು 128 ನ್ಯೂಟನ್, ಉರಿದು ಮುಗಿದ 7 ಸೆಕೆಂಡಿಗೆ ಪ್ಯಾರಾಚೂಟ್ ಹೊರದಬ್ಬುವ ಸಿಡಿತ; ಈ 7 ಸೆಕೆಂಡೇ ವಿಳಂಬ. ಒಟ್ಟು ತಳ್ಳುಬಲ 175 ನ್ಯೂಟನ್-ಸೆಕೆಂಡಿನ ಆಸುಪಾಸು ಎಂದಿಟ್ಟುಕೊಳ್ಳಿ. ಒಂದೂವರೆ ಕಿಲೋದ ನಾಲ್ಕಿಂಚಿನ ರಾಕೆಟ್ ಇದರಲ್ಲಿ ಸುಮಾರು 340 ಮೀಟರ್ ಏರುತ್ತದೆ. ಅಷ್ಟೇ ತೂಕದ 54 ಮಿಲಿಮೀಟರ್ ತೆಳು ರಾಕೆಟ್ 500 ದಾಟುತ್ತದೆ. ಪ್ಯಾರಾಚೂಟ್‌ನಲ್ಲಿ ಸೆಕೆಂಡಿಗೆ 5.5 ಮೀಟರ್ ವೇಗದಲ್ಲಿ ಇಳಿದರೆ ದಪ್ಪನೆಯದು 62 ಸೆಕೆಂಡ್ ಆಕಾಶದಲ್ಲಿರುತ್ತದೆ, ತೆಳ್ಳನೆಯದು ಒಂದೂವರೆ ನಿಮಿಷಕ್ಕೂ ಹೆಚ್ಚು. ಸೆಕೆಂಡಿಗೆ 4 ಮೀಟರ್ ಗಾಳಿ, ಅಂದರೆ ಗಂಟೆಗೆ 14 ಕಿಲೋಮೀಟರ್, ಬೀಸುತ್ತಿದ್ದರೆ ಮೊದಲನೆಯದು ಸುಮಾರು 250 ಮೀಟರ್ ತೇಲಿ ಬೀಳುತ್ತದೆ, ಎರಡನೆಯದು 370 ಮೀಟರ್‌ಗೂ ಆಚೆ. 457 ಮೀಟರ್ ಬಯಲಿನ ನಡುವೆ ನಿಂತು ಹಾರಿಸುವವರಿಗೆ ಎರಡೂ ಹೊರಗೇ; ಗಾಳಿ ಬರುವ ಅಂಚಿನತ್ತ ತುಸು ಸರಿದು ನಿಂತರೆ ಮೊದಲನೆಯದು ಒಳಗೆ, ಎರಡನೆಯದಕ್ಕೆ ಹೆಚ್ಚುಕಡಿಮೆ ಅಂಚಿಗೇ ಹೋಗಬೇಕು. ದೊಡ್ಡ ಎತ್ತರದ ಕಿಟ್ ಇಲ್ಲಿ ದುಬಾರಿ ಎನ್ನುವುದು ಇದಕ್ಕೇ.

ಸುರಕ್ಷಾ ನಿಯಮ ಗಂಟೆಗೆ 32 ಕಿಲೋಮೀಟರ್ ಗಾಳಿಯವರೆಗೆ ಹಾರಿಸಲು ಬಿಡುತ್ತದೆ. ಮರುಭೂಮಿಯಲ್ಲಿ ಸರಿ. ನಮ್ಮ ಬಯಲಿಗೆ 15ರ ಮೇಲೆ ಬೇಡ.

ಕಿಟ್ ನೋಡುವಾಗ ಇನ್ನೂ ಕೆಲವು ಸಂಗತಿ. ರೆಕ್ಕೆ ಕೊಳವೆಯ ಸೀಳಿನೊಳಗೆ ತೂರಿ ಮೋಟಾರ್ ಕೊಳವೆಗೇ ಅಂಟುವಂತಿರಬೇಕು. ಹೊರಮೈಗೆ ಮಾತ್ರ ಅಂಟಿಸುವ ರೆಕ್ಕೆ ಈ ಒತ್ತಿಗೆ ನಿಲ್ಲದು. ರೆಕ್ಕೆಯ ತುದಿ ಬಾಲಕ್ಕಿಂತ ಕೆಳಗೆ ಇಳಿದಿರುವ ವಿನ್ಯಾಸ ನೋಡಲು ಚೆಂದ, ಆದರೆ ನೆಲ ಮುಟ್ಟುವುದು ಮೊದಲು ಅದೇ. ಗಟ್ಟಿ ಗದ್ದೆಯ ಬದುವಿಗೆ ತಾಗಿದರೆ ಹೋಯಿತು. ಬಾಲಕ್ಕಿಂತ ಮೇಲೆಯೇ ಮುಗಿಯುವ ರೆಕ್ಕೆ ಆರಿಸಿ. ಮೋಟಾರ್ ಹಿಡಿದಿಡುವ ಲೋಹದ ತಿರುಪು ಮುಚ್ಚಳ, ಮೂಗು, ಕೊಳವೆ, ಪ್ಯಾರಾಚೂಟನ್ನು ಒಂದಕ್ಕೊಂದು ಕಟ್ಟುವ ನೈಲಾನ್ ಅಥವಾ ಕೆವ್ಲಾರ್ ಹಗ್ಗ ರಾಕೆಟ್ ಉದ್ದದ ಮೂರರಿಂದ ಐದು ಪಟ್ಟು, ಬೆಂಕಿ ತಾಳುವ ನೋಮೆಕ್ಸ್ ಬಟ್ಟೆ, ಹಾರಿಸುವ ಕಂಬಿಯ (ರೇಲ್) ಗಾಡಿಯಲ್ಲಿ ಜಾರುವ ಎರಡು ರೇಲ್ ಬಟನ್, ಇವು ಕಿಟ್ಟಿನಲ್ಲಿ ಇಲ್ಲದಿದ್ದರೆ ಅದರ ಬೆಲೆಗೆ ಇವನ್ನೂ ಸೇರಿಸಿ ಹೋಲಿಸಿ. ಕಿಟ್ಟಿನ ರಬ್ಬರ್ ಹಗ್ಗ ಬಿಸಾಡಿ.

ಪ್ಯಾರಾಚೂಟ್: ಒಂದೂವರೆ ಕಿಲೋಗೆ ಚಪ್ಪಟೆ ಬಟ್ಟೆಯದಾದರೆ ಸುಮಾರು 115 ಸೆಂಟಿಮೀಟರ್ ವ್ಯಾಸ, ಗುಮ್ಮಟದಂತೆ ಹೊಲಿದ ಒಳ್ಳೆಯದಾದರೆ 85. ಇದಕ್ಕಿಂತ ದೊಡ್ಡದು ಹಾಕಿದರೆ ಮೆತ್ತಗೆ ಇಳಿಯುತ್ತದೆ ನಿಜ, ಇಳಿಯುವುದು ಪಕ್ಕದ ಊರಿನಲ್ಲಿ. ಕೈಯಲ್ಲಿ ದುಡ್ಡಿದ್ದರೆ ಚೂಟ್ ರಿಲೀಸ್ ಎಂಬ ಪುಟ್ಟ ಸಾಧನಕ್ಕೆ ಖರ್ಚು ಮಾಡಿ. ನಿಗದಿ ಮಾಡಿದ ಎತ್ತರಕ್ಕೆ ಇಳಿಯುವವರೆಗೆ ಅದು ಪ್ಯಾರಾಚೂಟನ್ನು ಕಟ್ಟಿಹಿಡಿದಿರುತ್ತದೆ. 100 ಮೀಟರಿಗೆ ಇಟ್ಟರೆ ಮೇಲಿನ ಲೆಕ್ಕದ ತೇಲಾಟ ಅರ್ಧಕ್ಕೆ ಇಳಿಯುತ್ತದೆ. ಎರಡು ಹಂತದಲ್ಲಿ ಪ್ಯಾರಾಚೂಟ್ ಬಿಡುವ ಆಲ್ಟಿಮೀಟರ್ ವ್ಯವಸ್ಥೆ ಮೊದಲ ರಾಕೆಟ್ಟಿಗೆ ಅತಿಯಾಯಿತು.

ತೇವದ ಊರಲ್ಲಿ ಕಟ್ಟುವುದು

ಕಿಟ್ ಜೊತೆ ಬರುವ ಸೂಚನೆಯನ್ನು ಒಣಹವೆಯ ಊರಿನವರು ಬರೆದಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ರಟ್ಟು ನೀರು ಕುಡಿಯುತ್ತದೆ, ಪ್ಲೈವುಡ್ ಉಬ್ಬುತ್ತದೆ, ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಆ ಜಿಡ್ಡನ್ನು ಬೆಚ್ಚಗಿನ ನೀರಲ್ಲಿ ಒರೆಸಿ, ಒಣಗಿಸಿ, ಮರಳುಕಾಗದದಿಂದ ಉಜ್ಜದೆ ಎರಡನೆಯ ಪದರ ಹಾಕಿದರೆ ಪದರಗಳು ಒಂದಕ್ಕೊಂದು ಹಿಡಿಯುವುದಿಲ್ಲ. ರೆಕ್ಕೆ ಕಳಚುವ ಕಾರಣಗಳಲ್ಲಿ ಇದು ಕಣ್ಣಿಗೆ ಕಾಣದ ಕಾರಣ. ಸಾಧ್ಯವಿದ್ದರೆ ಅಕ್ಟೋಬರ್ ಮುಗಿದ ಮೇಲೆ ಕಟ್ಟಿ. ಮಳೆಗಾಲದಲ್ಲೇ ಕಟ್ಟಬೇಕಾದರೆ ಭಾಗಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಅಂಟಿಸುವ ದಿನ ಮಾತ್ರ ತೆಗೆಯಿರಿ.

ಕೊಳವೆ ಬಂದ ಕೂಡಲೇ ಎರಡೂ ತುದಿಯ ಒಳಮೈಗೆ ಎರಡು ಬೆರಳಗಲ ತೆಳು ಸೂಪರ್ ಗ್ಲೂ ಹೀರಿಸಿ, ಗಟ್ಟಿಯಾದ ಮೇಲೆ ಉಜ್ಜಿ. ರೆಕ್ಕೆಗಳ ಅಂಚಿಗೆ ಅಂಟಿಸುವ ಮೊದಲೇ ಸ್ಯಾಂಡಿಂಗ್ ಸೀಲರ್ ಬಳಿಯಿರಿ, ಆದರೆ ಅಂಟು ಹಿಡಿಯಬೇಕಾದ ಬುಡಕ್ಕೆ ಬಳಿಯಬೇಡಿ. ಎಪಾಕ್ಸಿ ನಿಧಾನದ್ದೇ ಇರಲಿ. ಐದು ನಿಮಿಷಕ್ಕೆ ಗಟ್ಟಿಯಾಗುವುದು ಜಾಗದಲ್ಲಿ ಹಿಡಿದು ನಿಲ್ಲಿಸಲು ಸಾಕು, ಭಾರ ಹೊರಲು ಸಾಲದು, ಮೋಟಾರಿನ ಬಿಸಿಗೆ ಬೇಗ ಮೆತ್ತಗಾಗುತ್ತದೆ.

ಅಂಟಿಸುವ ಕ್ರಮ ಹೀಗೆ. ಮೋಟಾರ್ ಕೊಳವೆಯನ್ನು ದೊಡ್ಡ ಕೊಳವೆಯ ನಟ್ಟನಡುವೆ ನಿಲ್ಲಿಸುವ ರಿಂಗ್‌ಗಳಲ್ಲಿ ಮುಂದಿನದನ್ನೂ ನಡುವಿನದನ್ನೂ ಅದಕ್ಕೆ ಅಂಟಿಸಿ, ಮುಂದಿನ ರಿಂಗಿಗೆ ಹಗ್ಗದ ಐ-ಬೋಲ್ಟ್ ಬಿಗಿದು, ಅದರ ನಟ್ಟಿನ ಮೇಲೂ ಎಪಾಕ್ಸಿ ಹಾಕಿ. ಇದನ್ನು ದೊಡ್ಡ ಕೊಳವೆಯೊಳಗೆ ಇಳಿಸಿ ಅಂಟಿಸಿ. ಹಿಂದಿನ ರಿಂಗ್ ಈಗ ಹಾಕಬೇಡಿ. ರೆಕ್ಕೆ ತೂರಿಸಿ, ಬುಡವನ್ನು ಮೋಟಾರ್ ಕೊಳವೆಗೆ ಅಂಟಿಸಿ, ತೆರೆದ ಹಿಂಬದಿಯಿಂದ ಒಳಗಿನ ಮೂಲೆಗಳಿಗೆಲ್ಲ ಎಪಾಕ್ಸಿ ಹರಿಸಿದ ಮೇಲೆ ಹಿಂದಿನ ರಿಂಗ್ ಮುಚ್ಚಿ. ಹೊರಗಿನ ಮೂಲೆಗೆ ಬೆರಳು ಎಳೆದು ನಯವಾದ ಪಟ್ಟಿ ಮಾಡಿ. ಒಂದು ಬದಿ ಗಟ್ಟಿಯಾಗುವವರೆಗೆ ರಾಕೆಟ್ ಹೊರಳಿಸಬೇಡಿ. ಅಂಟು ಹರಿದು ಒಂದು ಕಡೆ ಸೇರಿದರೆ ತೂಕ ಓರೆಯಾಗುತ್ತದೆ.

ಕೊಳವೆಯಲ್ಲಿ, ಮೂಗಿನ ಕಂಠಕ್ಕಿಂತ ಕೆಳಗೆ, 3 ಮಿಲಿಮೀಟರ್ ರಂಧ್ರ ಒಂದು ಕೊರೆಯಿರಿ. ಯಾರೂ ಮಹತ್ವ ಕೊಡದ ತೂತು ಇದು. 340 ಮೀಟರ್ ಏರುವಷ್ಟರಲ್ಲಿ ಹೊರಗಿನ ಒತ್ತಡ ಸುಮಾರು 40 ಹೆಕ್ಟೊಪಾಸ್ಕಲ್ ಇಳಿದಿರುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ನಾಲ್ಕಿಂಚಿನ ಮೂಗನ್ನು ಮೂರು ಕಿಲೋ ಭಾರದಷ್ಟು ಬಲದಿಂದ ಹೊರತಳ್ಳುತ್ತದೆ. ರಾಕೆಟ್ ಇನ್ನೂ ವೇಗದಲ್ಲಿರುವಾಗಲೇ ಮೂಗು ಕಳಚಿ ಪ್ಯಾರಾಚೂಟ್ ಹೊರಬಂದರೆ ಬಟ್ಟೆ ಹರಿಯುತ್ತದೆ, ಹಗ್ಗ ಕೊಳವೆಯ ಬಾಯನ್ನು ಜಿಪ್ ಎಳೆದ ಹಾಗೆ ಸೀಳುತ್ತದೆ.

ಮೂಗಿನ ಬಿಗಿತ: ಮೂಗು ಹಿಡಿದು ನಿಧಾನ ಎತ್ತಿದರೆ ರಾಕೆಟ್ ಜೊತೆಗೆ ಬರಬೇಕು, ಒಮ್ಮೆ ಜಾಡಿಸಿದರೆ ಕಳಚಬೇಕು. ಅಂಕೋಲೆಯಲ್ಲಿ ಸರಿಹೋದ ಮೂಗು ಹಳಿಯಾಳದ ಜನವರಿಯ ಒಣಗಾಳಿಗೆ ಸಡಿಲವೋ ಬಿಗಿಯೋ ಆಗಿರಬಹುದು, ಹಾಗಾಗಿ ಈ ಪರೀಕ್ಷೆ ಬಯಲಿನಲ್ಲಿ, ಹಾರಿಸುವ ಮುಂಚೆ. ಮಾಸ್ಕಿಂಗ್ ಟೇಪಿನ ಒಂದು ಸುತ್ತು ಹಾಕಿ ಅಥವಾ ತೆಗೆದು ಸರಿಮಾಡಿ.

ತೂಕ, ಸಮತೋಲ, ವಿಳಂಬ

ಬಣ್ಣ ಒಣಗಿದ ಮೇಲೆ ಪ್ಯಾರಾಚೂಟ್, ಹಗ್ಗ ಎಲ್ಲ ತುಂಬಿ, ಮೋಟಾರಿನಷ್ಟೇ ತೂಕದ ವಸ್ತುವನ್ನು ಅದರ ಜಾಗದಲ್ಲಿಟ್ಟು ತೂಗಿ. ಒತ್ತು ತೂಕದ ಐದು ಪಟ್ಟಾದರೂ ಇರಬೇಕು: ಒಂದೂವರೆ ಕಿಲೋಗೆ 74 ನ್ಯೂಟನ್. 128 ಎಂದರೆ ಎಂಟೂವರೆ ಪಟ್ಟಿಗಿಂತ ಹೆಚ್ಚು, ಗಾಳಿ ಇರುವ ಊರಿಗೆ ಇದು ಒಳ್ಳೆಯದು. 1.8 ಮೀಟರ್ ರೇಲ್‌ನಲ್ಲಿ ಮೇಲಿನ ಬಟನ್ ಸುಮಾರು ಒಂದೂವರೆ ಮೀಟರ್ ಓಡುತ್ತದೆ ಎಂದುಕೊಂಡರೆ ರಾಕೆಟ್ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ರೇಲ್ ಬಿಡುತ್ತದೆ. ರೆಕ್ಕೆಗೆ ಹಿಡಿತ ಸಿಗಲು ಅಷ್ಟು ಬೇಕು.

ದಾರದಲ್ಲಿ ತೂಗಿಸಿ ಗುರುತ್ವ ಕೇಂದ್ರ ಗುರುತು ಮಾಡಿ. ಒತ್ತಡ ಕೇಂದ್ರ, ಅಂದರೆ ಗಾಳಿಯ ಒತ್ತಡವೆಲ್ಲ ಕೂಡಿ ಬೀಳುವ ಬಿಂದು, ಎಲ್ಲಿದೆ ಎಂದು ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಗುರುತ್ವ ಕೇಂದ್ರ ಅದಕ್ಕಿಂತ ಒಂದರಿಂದ ಎರಡು ವ್ಯಾಸ ಮುಂದಿರಬೇಕು, ನಾಲ್ಕಿಂಚಿನ ರಾಕೆಟ್ಟಿಗೆ 10ರಿಂದ 20 ಸೆಂಟಿಮೀಟರ್. ಕಡಿಮೆಯಾದರೆ ರಾಕೆಟ್ ತಿರುಚಾಡುತ್ತದೆ. ತೀರಾ ಹೆಚ್ಚಾದರೂ ತೊಂದರೆಯೇ: ಗಾಳಿ ಬರುವ ದಿಕ್ಕಿಗೆ ಮುಖ ತಿರುಗಿಸಿ ಓರೆಯಾಗಿ ಓಡುತ್ತದೆ. ಉದಾಹರಣೆಗೆ 1.4 ಕಿಲೋ ರಾಕೆಟ್ಟಿನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದೆ ತರಬೇಕು, ಮೂಗಿನೊಳಗಿನ ಭಾರದ ಜಾಗ ಹೊಸ ಕೇಂದ್ರದಿಂದ 60 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. 1,400ನ್ನು 4ರಿಂದ ಗುಣಿಸಿ 60ರಿಂದ ಭಾಗಿಸಿದರೆ 93 ಗ್ರಾಂ. ಅಷ್ಟು ಸೀಸದ ಗುಂಡು ಎಪಾಕ್ಸಿಯಲ್ಲಿ ಕಲಸಿ ಮೂಗಿನ ತುದಿಗೆ ಹಾಕಿ, ಮತ್ತೆ ತೂಗಿ. ಅಂದಾಜಿನಲ್ಲಿ ಭಾರ ತುಂಬುವವರು ಎತ್ತರವನ್ನೂ ಕಳೆದುಕೊಳ್ಳುತ್ತಾರೆ, ವಿಳಂಬದ ಲೆಕ್ಕವನ್ನೂ ತಪ್ಪಿಸಿಕೊಳ್ಳುತ್ತಾರೆ.

ವಿಳಂಬ ತಪ್ಪಿದರೆ ರಾಕೆಟ್ ಉಳಿಯುವುದು ಕಷ್ಟ. ನಮ್ಮ ಉದಾಹರಣೆಯ ದಪ್ಪ ರಾಕೆಟ್ ಮೋಟಾರ್ ಆರಿದ ಮೇಲೆ ಸುಮಾರು 7 ಸೆಕೆಂಡಿಗೆ ತುದಿ ಮುಟ್ಟುತ್ತದೆ, ತೆಳು ರಾಕೆಟ್ 9ಕ್ಕೂ ಮೀರಿ. ತುದಿಯಲ್ಲಿ ವೇಗ ಕನಿಷ್ಠ. ಸಿಡಿತ ಆಗಬೇಕಾದ್ದು ಅಲ್ಲೇ. ಒಂದು ಸೆಕೆಂಡ್ ಆಚೀಚೆ ಸಹಿಸಬಹುದು. ಮೂರು ಸೆಕೆಂಡ್ ತಡವಾದರೆ ಸೆಕೆಂಡಿಗೆ 30 ಮೀಟರ್‌ನಷ್ಟು ವೇಗದಲ್ಲಿ ಕೆಳಮುಖ ಧುಮುಕುವಾಗ ಪ್ಯಾರಾಚೂಟ್ ತೆರೆದುಕೊಳ್ಳುತ್ತದೆ. ತೂಗಿದ ತೂಕವನ್ನೇ ತಂತ್ರಾಂಶಕ್ಕೆ ಕೊಟ್ಟು ವಿಳಂಬ ಆರಿಸಿ. ಕಿಟ್ ತಯಾರಕರ ಪಟ್ಟಿಯ ವಿಳಂಬ ಬಣ್ಣ, ಎಪಾಕ್ಸಿ, ಮೂಗಿನ ಭಾರ ಯಾವುದೂ ಇಲ್ಲದ ರಾಕೆಟ್ಟಿನದು.

ಹಾರಿಸುವ ದಿನ

ಕರಾವಳಿಯ ಹತ್ತಿರ ಬೆಳಗಿನ ಗಾಳಿ ನೆಲದಿಂದ ಕಡಲಿಗೆ, ಹೊತ್ತೇರಿದ ಮೇಲೆ ಕಡಲಿನಿಂದ ನೆಲಕ್ಕೆ. ತಿರುಗುವ ನಡುವೆ ಸ್ವಲ್ಪ ಹೊತ್ತು ಗಾಳಿ ನಿಲ್ಲುತ್ತದೆ. ಘಟ್ಟದಾಚೆಯ ಬಯಲಿನಲ್ಲಿ ಮಂಜು ಕರಗಿದ ಮೇಲಿನ ಮೊದಲ ಎರಡು ಗಂಟೆ ಶಾಂತ. ಮೋಡ ಕೆಳಗಿದ್ದರೆ ಕಾಯಿರಿ, ಮೋಡದೊಳಗೆ ಹಾರಿಸುವಂತಿಲ್ಲ.

ಪ್ಯಾರಾಚೂಟ್ ಮಡಚುವುದು ಅದೇ ಬೆಳಿಗ್ಗೆ. ಮಳೆಗಾಲವಿಡೀ ಮಡಚಿಟ್ಟ ನೈಲಾನ್ ಅಂಟಿಕೊಂಡು, ಬೂಸಲು ಹಿಡಿದು, ಉಂಡೆಯಾಗಿಯೇ ಹೊರಬೀಳುತ್ತದೆ. ಟಾಲ್ಕಂ ಪೌಡರ್ ಉದುರಿಸಿ ಮಡಚಿ, ನೋಮೆಕ್ಸ್ ಬಟ್ಟೆಯನ್ನು ಮೋಟಾರ್ ಕಡೆಗೆ ಸುತ್ತಿ, ಹಗ್ಗವನ್ನು ಎಂಟರ ಆಕಾರದಲ್ಲಿ ಮಡಚಿ ಹಾಕಿ. ಊದಿದರೆ ಕೊಳವೆಯಿಂದ ಜಾರಿ ಬರುವಷ್ಟು ಸಡಿಲವಿರಲಿ.

ಪ್ಯಾಡ್, ಅಂದರೆ ರಾಕೆಟ್ ಹಾರಿಸುವ ಜಾಗ, ಅದರ ಸುತ್ತ 15 ಮೀಟರ್ ವ್ಯಾಸದಲ್ಲಿ ಒಣಹುಲ್ಲು, ಕೂಳೆ ಕೆರೆದು ನೀರು ಹೊಡೆಯಿರಿ. ರೇಲ್ ಬುಡಕ್ಕೆ ಉಕ್ಕಿನ ತಗಡು, ಪಕ್ಕದಲ್ಲಿ ನೆನೆಸಿದ ಗೋಣಿಚೀಲ ಮತ್ತು ತುಂಬಿದ ಕೊಡಗಳು. ಹತ್ತಿರ ಹುಲ್ಲಿನ ಬಣವೆ ಇದ್ದರೆ ಜಾಗವನ್ನೇ ಬದಲಿಸಿ. ಜನ 30 ಮೀಟರ್ ಆಚೆ. ರೇಲ್ ನೆಟ್ಟಗಿರಲಿ, ಗಾಳಿಯ ಕಡೆಗೆ ತುಸು ಓರೆ ಮಾಡಬಹುದು, 20 ಡಿಗ್ರಿ ಮೀರುವಂತಿಲ್ಲ.

ಮೋಟಾರ್ ಹೊತ್ತಿಸುವ ಇಗ್ನೈಟರ್ ಹಾಕುವುದು ಕಟ್ಟಕಡೆಗೆ, ರಾಕೆಟ್ ರೇಲ್ ಮೇಲೆ ನೆಟ್ಟಗೆ ನಿಂತ ಮೇಲೆ. ಅಷ್ಟೂ ಹೊತ್ತು ಲಾಂಚರಿನ ಕೀ ಪ್ಯಾಡ್ ಬಳಿ ಹೋಗುವವರ ಜೇಬಿನಲ್ಲಿರಬೇಕು. ಇಗ್ನೈಟರಿನ ತಲೆ ಇಂಧನದ ಕೊರೆಯಲ್ಲಿ ತುದಿಯವರೆಗೆ ಹೋಗಬೇಕು. ಅರ್ಧದಲ್ಲೇ ನಿಂತರೆ ಮೋಟಾರ್ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಕರಾವಳಿಯಿಂದ ತಂದ ಕ್ಲಿಪ್‌ಗಳಲ್ಲಿ ಉಪ್ಪುಗಾಳಿಯ ತುಕ್ಕು ಇರುತ್ತದೆ, ಪ್ರತಿ ಸಲವೂ ಮರಳುಕಾಗದದಿಂದ ಉಜ್ಜಿ. ಎರಡು ಕ್ಲಿಪ್ ಪರಸ್ಪರ ತಾಗದಂತೆ, ತಗಡಿಗೂ ತಾಗದಂತೆ ಟೇಪ್ ಸುತ್ತಿ. 12 ವೋಲ್ಟಿನ ಕಾರ್ ಬ್ಯಾಟರಿ ಸಾಕು.

ಗುಂಡಿ ಒತ್ತಿದರೂ ಹೊತ್ತಿಕೊಳ್ಳದಿದ್ದರೆ ಕೀ ತೆಗೆಯಿರಿ, ಬ್ಯಾಟರಿ ಕಳಚಿ, 60 ಸೆಕೆಂಡ್ ಯಾರೂ ಹತ್ತಿರ ಹೋಗಬೇಡಿ.

ಹಾರಿದ ರಾಕೆಟ್ ಅನ್ನು ಇಬ್ಬರು ಬೇರೆ ಬೇರೆ ಜಾಗದಿಂದ ಕಣ್ಣಲ್ಲೇ ಹಿಂಬಾಲಿಸಿ, ಬಿದ್ದ ಕಡೆಗೆ ಒಬ್ಬೊಬ್ಬರೂ ಒಂದು ಗೆರೆ ಹಿಡಿಯಲಿ. ಎರಡು ಗೆರೆ ಕೂಡುವಲ್ಲಿ ಹುಡುಕಿ. ಮರಕ್ಕೆ ಸಿಕ್ಕಿದರೆ ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿ ಒಳ್ಳೆಯ ಸಾಧನ, ಅಥವಾ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರನ್ನು ಕೇಳಿಕೊಳ್ಳಿ. ವಿದ್ಯುತ್ ತಂತಿಗೆ ಸಿಕ್ಕಿದರೆ ಮಾತ್ರ ದೋಟಿ ಎತ್ತಲೇಬೇಡಿ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಹೆಸ್ಕಾಂಗೆ ಫೋನ್ ಮಾಡಿ ಕಾಯುವುದೊಂದೇ ದಾರಿ.

ಸಿಡಿತ ಆಗದೆ ನೆಲಕ್ಕೆ ಬಿದ್ದಿದ್ದರೆ ಮೂಗಿನ ಮುಂದೆ ನಿಲ್ಲದೆ, ತಣ್ಣಗಾಗಲು ಬಿಟ್ಟು, ಪಕ್ಕದಿಂದ ಹೋಗಿ. ಸರಿಯಾಗಿ ಇಳಿದಿದ್ದರೂ ಮತ್ತೆ ಬಳಸುವ ಮೋಟಾರ್ ಕವಚ ಕೈ ಸುಡುವಷ್ಟು ಬಿಸಿ ಇರುತ್ತದೆ. ಆರಿದ ಮೇಲೆ ಅದೇ ದಿನ ಬಿಚ್ಚಿ, ನೀರಿನಲ್ಲಿ ತೊಳೆದು, ಒರೆಸಿ, ತಿರುಪಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿಡಿ. ಒಳಗಿನ ಮಸಿ ತೇವ ಹೀರಿ ಆಮ್ಲೀಯವಾಗುತ್ತದೆ. ಕಾರವಾರದ ಹವೆಯಲ್ಲಿ ವಾರ ಬಿಟ್ಟರೆ ಅಲ್ಯೂಮಿನಿಯಂ ಚುಕ್ಕೆ ಹಿಡಿದು, ಮುಂದಿನ ಸಲ ಓ-ರಿಂಗ್ ಕೂರುವ ಜಾಗದಲ್ಲಿ ಬಿಸಿ ಅನಿಲ ಸೋರುತ್ತದೆ. ರೆಕ್ಕೆ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದರ ಮೇಲೆ ಬಣ್ಣ ಬಳಿಯಬೇಡಿ; ಕೆರೆದು ತೆರೆದು ಹೊಸ ಎಪಾಕ್ಸಿ ತುಂಬಿ, ಮತ್ತೆ ತೂಗಿ, ಗುರುತ್ವ ಕೇಂದ್ರದ ಹೊಸ ಗುರುತು ಹಾಕಿ.